“15 ಸೆಕೆಂಡ್ ಹಾಕಿಬಿಡಿ ಸರ್, ಪಾಸ್ ಆಗುತ್ತೆ”

ಸರ್ವೇ ಕೆಲಸದ ಒಂದು ಟ್ರಾವರ್ಸ್, ಅಂದರೆ ಒಂದಾದ ಮೇಲೊಂದು ಪಾಯಿಂಟ್‌ನಲ್ಲಿ ನಿಂತು ಕೋನ, ದೂರ ಓದುತ್ತಾ ಹೋದ ಸರಪಳಿ. ಅಳತೆಗಳ ಸಣ್ಣ ತಪ್ಪುಗಳನ್ನು ಹಂಚಿ ಹೊಂದಿಸುವ ಅಡ್ಜಸ್ಟ್‌ಮೆಂಟನ್ನು ಸಾಫ್ಟ್‌ವೇರ್‌ನಲ್ಲಿ ಓಡಿಸಿದೆವು. ಬಂದ ತಪ್ಪುಗಳು ನಾವು ಮೊದಲೇ ಅಂದಾಜಿಸಿದ್ದಕ್ಕೆ ಹೊಂದುತ್ತವಾ ಅಂತ ನೋಡುವ ಕೈ-ಸ್ಕ್ವೇರ್ (chi-square) ಟೆಸ್ಟ್ ಫೇಲ್. ದೂರಗಳ ಎರರ್ ಫ್ಯಾಕ್ಟರ್ (ಬಂದ ತಪ್ಪು ಅಂದಾಜಿನ ಎಷ್ಟು ಪಟ್ಟು ಅನ್ನೋದು) 1ರ ಆಸುಪಾಸಿನಲ್ಲೇ ಇತ್ತು, ಕೋನಗಳದ್ದು ಮಾತ್ರ 2 ದಾಟಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗನ ಹತ್ತಿರ ಉತ್ತರ ರೆಡಿ ಇತ್ತು: “ಕೋನಕ್ಕೆ 5 ಸೆಕೆಂಡ್ ಇದೆಯಲ್ವಾ ಸರ್, 15 ಹಾಕಿಬಿಡಿ. ಪಾಸ್ ಆಗುತ್ತೆ.”

ಆಗುತ್ತೆ, ಅದರಲ್ಲಿ ಅನುಮಾನ ಇಲ್ಲ. ಆ ಸೆಕೆಂಡ್ ಸಮಯದ್ದಲ್ಲ, ಕೋನದ್ದು (ಒಂದು ಡಿಗ್ರಿಯ 3600ನೇ ಒಂದು ಭಾಗ). ಓದಿದ ಕೋನದಲ್ಲಿ ಎಷ್ಟು ತಪ್ಪು ಇರಬಹುದು ಅಂತ ನಾವು ಕೊಡುವ ಅಂದಾಜು, ಅಂದರೆ ಸ್ಟ್ಯಾಂಡರ್ಡ್ ಎರರ್. ಆದರೆ ಯಾವ ಅಳತೆಗೆ ಎಷ್ಟು ಬೆಲೆ ಅನ್ನುವ ವೆಯ್ಟ್ ಲೆಕ್ಕ ಹಾಕುವುದು 1ನ್ನು ಅದರ ವರ್ಗದಿಂದ ಭಾಗಿಸಿ. 5ನ್ನು 15 ಮಾಡಿದರೆ ಪ್ರತಿ ಕೋನದ ಮಾತಿಗೂ ಇರುವ ಬೆಲೆ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಚೆನ್ನಾಗಿ ಓದಿದ ಕೋನಕ್ಕೂ ಅದೇ ಗತಿ. ಟೆಸ್ಟ್ ಪಾಸ್ ಮಾಡಿಸುವುದಕ್ಕೆ ಅಂತ ನಂಬರ್ ಹಿಗ್ಗಿಸುವುದು ನನಗೆ ಯಾವತ್ತೂ ಇಷ್ಟವಾಗದ ಕೆಲಸ.

ರೆಸಿಡುಯಲ್‌ಗಳನ್ನು (ಓದಿದ ಕೋನಕ್ಕೂ ಹೊಂದಿಸಿದ ಕೋನಕ್ಕೂ ಇರುವ ವ್ಯತ್ಯಾಸ) ಪಾಯಿಂಟ್‌ಗಳ ನಡುವಿನ ಗೆರೆಗಳ ಉದ್ದದ ಪ್ರಕಾರ ಜೋಡಿಸಿ ನೋಡಲು ಹೇಳಿದೆ. ದೊಡ್ಡ ದೊಡ್ಡವೆಲ್ಲ 20, 30 ಮೀಟರ್ ಗೆರೆಗಳಲ್ಲೇ ಗುಂಪುಗೂಡಿದ್ದವು. ಇನ್‌ಸ್ಟ್ರುಮೆಂಟ್ ಸೆಟ್ಟಿಂಗ್ ತೆರೆದರೆ ಸೆಂಟರಿಂಗ್ ಎರರ್ ಸೊನ್ನೆ, ಕೋನ, ದೂರ ಓದುವ ಮಷಿನ್‌ಗೂ ಸೊನ್ನೆ, ಅದು ಗುರಿ ಇಡುವ ಪ್ರಿಸಂಗೂ ಸೊನ್ನೆ. ಅಂದರೆ ಟ್ರೈಪಾಡ್ ಪ್ರತಿ ಸಲವೂ ಪಾಯಿಂಟ್ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದೆ ನಿಂತಿತ್ತು ಅಂತ ಸಾಫ್ಟ್‌ವೇರ್ ನಂಬಿ ಕೂತಿತ್ತು! 2 ಮಿಲಿಮೀಟರ್ ಪಕ್ಕಕ್ಕೆ ಸರಿದರೆ 200 ಮೀಟರ್ ದೂರದಲ್ಲಿ ಅದು ಬರೀ 2 ಸೆಕೆಂಡ್. 20 ಮೀಟರ್‌ನಲ್ಲಿ ಅದೇ 20 ಸೆಕೆಂಡ್. ಮ್ಯಾನ್ಯುಯಲ್‌ನಲ್ಲಿರುವ 5 ಸೆಕೆಂಡ್ ಮಷಿನ್‌ನ ಮಾತು. ಟ್ರೈಪಾಡ್ ನಿಲ್ಲಿಸಿದವರ ಕೈ ಬಗ್ಗೆ ಅದು ಏನೂ ಹೇಳುವುದಿಲ್ಲ. (ಆ 5 ಕೂಡ ಎರಡೂ ಫೇಸ್, ಅಂದರೆ ಒಮ್ಮೆ ನೇರವಾಗಿ, ಒಮ್ಮೆ ಟೆಲಿಸ್ಕೋಪ್ ಮಗುಚಿ ತಿರುಗಿಸಿ ಓದಿ ಸರಾಸರಿ ತೆಗೆದಾಗಿನದ್ದು. ಒಂದೇ ಫೇಸ್ ಓದಿ ಬಂದವರು ಅದನ್ನು ಹಾಗೇ ಹಾಕುವಂತಿಲ್ಲ.)

5 ಸೆಕೆಂಡನ್ನು ಮುಟ್ಟಲಿಲ್ಲ. ಮಷಿನ್‌ಗೆ 1.5 ಮಿಲಿಮೀಟರ್, ಪ್ರಿಸಂಗೆ 2 ಮಿಲಿಮೀಟರ್ ಸೆಂಟರಿಂಗ್ ಎರರ್ ಕೊಟ್ಟು ಮತ್ತೆ ಓಡಿಸಿದೆವು. ಗಿಡ್ಡ ಗೆರೆಗಳ ಕೋನಗಳೆಲ್ಲ ತಣ್ಣಗಾದವು. ಆದರೂ ಟೆಸ್ಟ್ ಫೇಲ್! ಹುಡುಗ ನನ್ನ ಮುಖ ನೋಡಿದ, “ನಾನು ಹೇಳಿರಲಿಲ್ವಾ” ಅನ್ನೋ ಹಾಗೆ.

ಈಗ ಪಟ್ಟಿಯಲ್ಲಿ ಎದ್ದು ಕಾಣುತ್ತಿದ್ದದ್ದು ಒಂದೇ ಕೋನ. ಎರಡು ಕಡೆಯ ಗೆರೆಗಳೂ 180 ಮೀಟರ್‌ಗಿಂತ ಉದ್ದ, ರೆಸಿಡುಯಲ್ ಮಾತ್ರ 35 ಸೆಕೆಂಡ್. ಅಷ್ಟು ದೂರಕ್ಕೆ ಸೆಂಟರಿಂಗ್‌ನ ನೆಪ ನಡೆಯುವುದಿಲ್ಲ. ಫೀಲ್ಡ್ ಬುಕ್ ತೆರೆದರೆ ಆ ಸ್ಟೇಷನ್ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: ‘ಕಾಲು ತಾಗಿತು, ಬಬಲ್ ಸರಿ ಮಾಡಿದೆ’. ಬ್ಯಾಕ್‌ಸೈಟ್ (ಹಿಂದಿನ ಪಾಯಿಂಟ್) ಓದಿಯಾದ ಮೇಲೆ ಟ್ರೈಪಾಡ್ ಕದಲಿದೆ. ಮಟ್ಟ ತೋರಿಸುವ ಬಬಲ್ ನೋಡಿದ್ದಾರೆ, ಬ್ಯಾಕ್‌ಸೈಟ್ ಮತ್ತೆ ಓದಿಲ್ಲ.

ಕ್ಯಾಲ್ಕುಲೇಟರ್ ಹುಡುಗನ ಕೈಗೇ ಕೊಟ್ಟೆ. 15 ಹಾಕಿದ್ದರೆ 35 ಭಾಗಿಸು 15, ಸುಮಾರು 2.3. ಸಾಫ್ಟ್‌ವೇರ್ 3 ದಾಟಿದ್ದಕ್ಕೆ ಮಾತ್ರ ಗುರುತು ಹಾಕುವ ಹಾಗೆ ಇಟ್ಟಿದ್ದೆವು. ಈ ಕೋನ ಸುಮ್ನೆ ನುಸುಳಿಹೋಗುತ್ತಿತ್ತು, ಮೇಲೆ ‘ಪಾಸ್’ ಅಂತ ಹಸಿರು ಅಕ್ಷರ ಬೇರೆ.

ಆ ಕೋನವನ್ನು ತೆಗೆದು ಓಡಿಸಿದಾಗ ಕೈ-ಸ್ಕ್ವೇರ್ ಪಾಸ್ ಆಯಿತು. ಆದರೂ ತೆಗೆದು ಬಿಟ್ಟುಬಿಡಲಿಲ್ಲ, ಆ ಸ್ಟೇಷನ್ ಮತ್ತೆ ಓದಿಸಲು ಬರೆದಿಟ್ಟೆವು. ಹೊಸ ಸೆಟ್ಟಿಂಗನ್ನು ಮಷಿನ್ ಹೆಸರಿನಲ್ಲೇ ಲೈಬ್ರರಿಗೆ ಸೇರಿಸಿದೆವು. ಪ್ರಿಸಂ ಪೋಲ್ ಕೈಯಲ್ಲಿ ಹಿಡಿದು ಓದುವ ಕೆಲಸಕ್ಕೆ ಇದು ಆಗುವುದಿಲ್ಲ, ಅದಕ್ಕೆ ಟಾರ್ಗೆಟ್ ಸೆಂಟರಿಂಗ್ ಇನ್ನೂ ಜಾಸ್ತಿ ಬೇಕು. ಅದನ್ನು ಬೇರೆ ಹೆಸರಿನಲ್ಲಿ ಇಡಲು ಹುಡುಗನಿಗೆ ಹೇಳಿದೆ.