ಸೇಂಟ್ ಅಗಸ್ಟೀನ್‌ಗೆ ಹೋದರೆ ಮೊದಲು ಫೋರ್ಟ್ ಮೋಸೆ ನೋಡಿ

ಫ್ಲೋರಿಡಾದ ಸೇಂಟ್ ಅಗಸ್ಟೀನ್‌ಗೆ ಹೋದವರು ಸೀದಾ ಊರೊಳಗಿನ ದೊಡ್ಡ ಕಲ್ಲಿನ ಕೋಟೆಗೆ ಓಡುತ್ತಾರೆ. ಉತ್ತರಕ್ಕೆ ಮೂರೇ ಕಿಲೋಮೀಟರ್ ದೂರದ ಫೋರ್ಟ್ ಮೋಸೆಯನ್ನು, ಟೈಮ್ ಉಳಿದರೆ ನೋಡೋಣ ಅಂತ ಬಿಡುತ್ತಾರೆ. ನೀವು ಉಲ್ಟಾ ಮಾಡಿ.

ಒರ್ಲ್ಯಾಂಡೊದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ಹೆಸರು ಕೇಳಿ ಮಗ "ಮೋಸನಾ?" ಅಂದ. ಮರದ ಹಲಗೆಯ ದಾರಿಯ ತುದಿಗೆ ಹೋಗಿ ನಿಂತ ಮೇಲಂತೂ ಅವನಿಗೆ ಅದು ಖಾತ್ರಿಯಾಯಿತು. ಮುಂದೆ ಬರೀ ಜೌಗು, ಹುಲ್ಲು, ಬೆಳ್ಳಕ್ಕಿ. ನಿಜವಾದ ಕೋಟೆ ಇದ್ದದ್ದು ಆ ಜೌಗಿನೊಳಗೆ. ನಡೆದು ಹೋಗೋಕೆ ಆಗಲ್ಲ. 2025ರಲ್ಲಿ ಕಟ್ಟಿದ ಮಾದರಿ ಕೋಟೆ ಈಚೆ ದಡದಲ್ಲಿದೆ, ಮಕ್ಕಳಿಗೆ ಅದನ್ನು ಮೊದಲು ತೋರಿಸಿ.

ಆದರೆ ಆ ಜೌಗಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಆಗ ಫ್ಲೋರಿಡಾ ಸ್ಪೇನಿನವರ ಕೈಯಲ್ಲಿತ್ತು. 1687ರಲ್ಲಿ ಗುಲಾಮರಾಗಿದ್ದ ಕಪ್ಪು ಜನ, ಎಂಟು ಗಂಡಸರು, ಇಬ್ಬರು ಹೆಂಗಸರು, ಒಂದು ಎಳೇ ಮಗು, ಇಂಗ್ಲಿಷರ ಕ್ಯಾರೊಲೈನಾದಿಂದ ತಪ್ಪಿಸಿಕೊಂಡು ದೋಣಿಯಲ್ಲಿ ಸೇಂಟ್ ಅಗಸ್ಟೀನ್‌ಗೆ ಬಂದರು. ಆಮೇಲೆ ಇನ್ನೂ ಜನ ಬಂದರು. ಕ್ಯಾಥೊಲಿಕ್ ಆದರೆ ಬಿಡುಗಡೆ ಅಂತ 1693ರಲ್ಲಿ ಸ್ಪೇನಿನ ರಾಜನ ಆಜ್ಞೆಯಾಯಿತು. 1738ರಲ್ಲಿ ಗವರ್ನರ್ ಮಾಂಟಿಯಾನೊ ಇಲ್ಲಿ ಅವರಿಗೊಂದು ಊರು ಕೊಟ್ಟ. ಸುಮಾರು ನೂರು ಜನ. ಅವರ ಪಡೆಯ ನಾಯಕ ಫ್ರಾನ್ಸಿಸ್ಕೊ ಮೆನೆಂಡೆಜ್ ಕೂಡ ಕ್ಯಾರೊಲೈನಾದಿಂದ ಓಡಿಬಂದವನೇ. ಈಗಿನ ಅಮೆರಿಕದಲ್ಲಿ ಸರ್ಕಾರವೇ ಒಪ್ಪಿ ಕೊಟ್ಟ, ಸ್ವತಂತ್ರ ಕಪ್ಪು ಜನರ ಮೊದಲ ಊರು ಇದು. ಸ್ಪೇನಿನವರು ಸುಮ್ನೆ ದಯೆ ತೋರಿಸಲಿಲ್ಲ, ಅವರ ಹತ್ತಿರವೂ ಗುಲಾಮರಿದ್ದರು. ಉತ್ತರದಿಂದ ಇಂಗ್ಲಿಷರು ಬಂದರೆ ಮೊದಲು ಎದುರಾಗುವ ಜಾಗದಲ್ಲಿ ಇವರನ್ನು ಕೂರಿಸಿದ್ದರು.

ಜೊತೆಗಿದ್ದ ನಮ್ಮತ್ತೆ ಹಳಿಯಾಳದವರು. "ನಮ್ಮ ಕಡೆ ಸಿದ್ದಿಗಳಲ್ಲೂ ಎಷ್ಟೋ ಜನರ ಹಿರಿಯರು ಗೋವಾದ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಕಾಡಿಗೆ ಬಂದವರೇ ಅಲ್ವಾ?" ಅಂದರು. ಹೌದಲ್ಲ ಅನ್ನಿಸಿತು.

ಮ್ಯೂಸಿಯಂ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೊರಡಿ. ಚಿಕ್ಕದು, ಆದರೆ ಒಂದು ಗಂಟೆ ಬೇಕು. ಬೆಳಿಗ್ಗೆಯೇ ಹೋಗಿ, ಬೇಸಿಗೆಯ ಬಿಸಿಲು ಬೆವರಿಳಿಸುತ್ತದೆ. ಸೊಳ್ಳೆ, ನುಸಿ ಜಾಸ್ತಿ. ಔಷಧಿ ಹಚ್ಚಿಕೊಳ್ಳದೆ ನಾನು ಕಾಲಿಡೀ ಕೆರೆದುಕೊಂಡೆ. ಕಯಾಕ್ ತರುವವರು ನೀರಿನ ಉಬ್ಬರ-ಇಳಿತದ ಸಮಯ ನೋಡಿಕೊಳ್ಳಿ. ಹೋಟೆಲ್ ಹುಡುಕಬೇಡಿ, ಅಲ್ಲೇ ಮೇಜು-ಬೆಂಚುಗಳಿವೆ. ನಾವು ಮೊಸರನ್ನ, ಉಪ್ಪಿನಕಾಯಿ ಮುಗಿಸಿಯೇ ಹೊರಟೆವು.

ಆಮೇಲೆ ಕಲ್ಲಿನ ಕೋಟೆಗೆ ಹೋಗಿ. 1740ರಲ್ಲಿ ಇಂಗ್ಲಿಷರ ಜಾರ್ಜಿಯಾದಿಂದ ಓಗಲ್‌ಥಾರ್ಪ್ ಅನ್ನುವವನು ದಂಡೆತ್ತಿ ಬಂದಾಗ ಮೋಸೆಯವರು ಊರು ಬಿಟ್ಟು ಇದರೊಳಗೇ ಸೇರಿದ್ದರು. ಜೂನ್ ತಿಂಗಳಲ್ಲಿ ಒಂದು ದಿನ ಬೆಳಕು ಹರಿಯುವ ಮೊದಲೇ ಸ್ಪೇನಿನ ಸೈನಿಕರ ಜೊತೆ ಹೋಗಿ, ಮೋಸೆಯಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರನ್ನು ಹೊಡೆದು ಓಡಿಸಿದರು. ಊರು ಮಾತ್ರ ಹಾಳಾಗಿತ್ತು, ಮತ್ತೆ ಕಟ್ಟಿದ್ದು 1752ರಲ್ಲಿ. 1763ರಲ್ಲಿ ಫ್ಲೋರಿಡಾ ಬ್ರಿಟಿಷರ ಕೈಸೇರಿತು. ಮೋಸೆಯವರು ಹಡಗು ಹತ್ತಿ ಕ್ಯೂಬಾಕ್ಕೆ ಹೋದರು.

ಮೋಸೆ ನೋಡಿ ಬಂದಿದ್ದಕ್ಕೆ ಮಗ ಕಲ್ಲಿನ ಕೋಟೆಯ ಗೋಡೆ ಹತ್ತಿ ಉತ್ತರಕ್ಕೇ ನೋಡುತ್ತಿದ್ದ. ಇಲ್ಲಿ ಮಧ್ಯಾಹ್ನದ ಮೇಲೆ ಪಾರ್ಕಿಂಗ್ ಸಿಗುವುದು ಕಷ್ಟ. ನಾವು ನಾಲ್ಕು ಸುತ್ತು ಹೊಡೆದೆವು.