ಮಂಡ್ಯದ ಐಸೊಲೆಟ್: ಮೂರನೇ ತಿಂಗಳು

ಲೆನ್ಸು ಕೊನೆಗೂ ತಿರುಗಿತು. ಅಷ್ಟಕ್ಕೇ ಹತ್ತೊಂಬತ್ತು ದಿನ ಹಿಡಿಯಿತು.

ಇದು ಅಗ್ಫಾ ಐಸೊಲೆಟ್ 2. 1950ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ತಯಾರಾದ ಮಡಚುವ ಕ್ಯಾಮೆರಾ. 120 ಎಂಬ ಅಗಲ ಫಿಲಂ ರೋಲಿನಲ್ಲಿ 6×6 ಸೆಂ.ಮೀ. ಅಳತೆಯ 12 ಚಿತ್ರ ಬರುತ್ತದೆ. ಮಂಡ್ಯದಲ್ಲಿ ಸ್ಟುಡಿಯೊ ಮುಚ್ಚಿ ಮನೆಯಲ್ಲಿರುವ ಹಿರಿಯರೊಬ್ಬರ ಅಟ್ಟದ ಮೇಲಿತ್ತು. ಎಷ್ಟು ಕೊಡಲಿ ಅಂದರೆ, "ದುಡ್ಡಿರ್ಲಿ ಕಣಪ್ಪ. ಬೀರುವಲ್ಲಿ ಮಡಗೋದಾದ್ರೆ ಕೊಡಾಕಿಲ್ಲ. ಇದ್ರಲ್ಲಿ ಒಂದು ಫೋಟೊ ತೆಗ್ದು ನಂಗೆ ತೋರ್ಸು" ಅಂದರು. ನನ್ನ ಒಂಬತ್ತು ಕ್ಯಾಮೆರಾಗಳಲ್ಲಿ ಷರತ್ತಿನ ಮೇಲೆ ಬಂದದ್ದು ಇದೊಂದೇ.

ಹಳೆಯ ಅಗ್ಫಾ ಬಿಚ್ಚಿದವರಿಗೆಲ್ಲ ಆ ಹಸಿರು ಗ್ರೀಸು ಗೊತ್ತು. ಕಾಲ ಕಳೆದಂತೆ ಅಂಟಾಗಿ, ಆಮೇಲೆ ಕಲ್ಲಾಗಿ, ಫೋಕಸ್ ಮಾಡುವ ಮುಂದಿನ ಲೆನ್ಸನ್ನು ಹಿಡಿದುಬಿಡುತ್ತದೆ. ಇಕ್ಕಳ ಹಾಕಿ ತಿರುಗಿಸಿದರೆ ಹಿತ್ತಾಳೆ ಸೊಟ್ಟಗಾಗುತ್ತದೆ. ದಿನಾ ರಾತ್ರಿ ಅಂಚಿಗೆ ಎರಡು ಹನಿ ಲೈಟರ್ ಪೆಟ್ರೋಲು ಬಿಟ್ಟು, ಬೆಳಿಗ್ಗೆ ಹೇರ್ ಡ್ರೈಯರ್ ಹಿಡಿದು, ಕೈಯಲ್ಲೇ ಮೆಲ್ಲಗೆ ಅಲ್ಲಾಡಿಸಿದೆ. ತಿರುಪಿನ ಎಳೆ ಬಿಟ್ಟು ಲೆನ್ಸು ಕಳಚುವ ಜಾಗಕ್ಕೆ ಸೂಜಿಯಿಂದ ಗುರುತು ಹಾಕಿಕೊಂಡೇ ಬಿಚ್ಚಿದ್ದು.

ಫೋಕಸ್ ಕೂರಿಸಿದ್ದು ಮೈಸೂರು ಇಟ್ಟಿಗೆಗೂಡಿನ ನಮ್ಮ ಮನೆ ತಾರಸಿಯಲ್ಲಿ. ಫಿಲಂ ಕೂರುವ ಜಾಗಕ್ಕೆ ಟ್ರೇಸಿಂಗ್ ಪೇಪರ್ ಅಂಟಿಸಿ, ಶಟರನ್ನು 'ಬಿ'ಯಲ್ಲಿ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಗುರುತು) ತೆರೆದಿಟ್ಟು, ಚಾಮುಂಡಿ ಬೆಟ್ಟದ ಕಡೆ ತಿರುಗಿಸಿದೆ. ಗೋಪುರ ತಲೆಕೆಳಗಾಗಿ ಕಾಗದದ ಮೇಲೆ ಇಳಿಯಿತು. ಭೂತಗನ್ನಡಿಯಲ್ಲಿ ಅದರ ಅಂಚು ನಿಚ್ಚಳವಾಗಿ ಕಂಡಾಗ ಫೋಕಸ್ ಬಳೆಯನ್ನು ಅನಂತದ (ತೀರಾ ದೂರದ) ಗುರುತಿಗೆ ಸರಿಯಾಗಿಟ್ಟು ಮೂರು ಸಣ್ಣ ಸ್ಕ್ರೂ ಬಿಗಿದೆ. ಎಪ್ಪತ್ತು ವರ್ಷ ಹಳೆಯ ಗಾಜು ನಮ್ಮ ಬೆಟ್ಟವನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ್ದು ನೋಡಿ ಕೆಳಗಿಳಿಯಲು ಮನಸ್ಸಾಗಲಿಲ್ಲ.

ಬೆಲೋಸ್, ಅಂದರೆ ಲೆನ್ಸಿಗೂ ಕ್ಯಾಮೆರಾ ಪೆಟ್ಟಿಗೆಗೂ ನಡುವಿನ ಮಡಿಕೆ ತಿದಿಯ ಕಥೆ ಬೇರೆ. ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಇಟ್ಟು ನೋಡಿದರೆ ಮಡಿಕೆಯ ಮೂಲೆಗಳಲ್ಲಿ 23 ತೂತು. ಕಪ್ಪು ಬಣ್ಣ ಹಚ್ಚಿದೆ; ಹತ್ತು ಸಲ ಮಡಚುವಷ್ಟರಲ್ಲಿ ಮತ್ತೆ ಬಿರಿಯಿತು. ಹಳೆಯದನ್ನು ಕಿತ್ತು ಚಪ್ಪಟೆ ಮಾಡಿ, ಗೆರೆಗಳನ್ನು ಕಾಗದಕ್ಕೆ ಇಳಿಸಿಕೊಂಡು, ಎರಡು ಪದರ ಕಪ್ಪು ಬಟ್ಟೆಯ ನಡುವೆ ರಟ್ಟಿನ ಪಟ್ಟಿ ಅಂಟಿಸಿ ಹೊಸದು ಮಾಡಿದೆ. ಮೊದಲನೆಯದು ದಪ್ಪವಾಗಿ ಬಾಗಿಲೇ ಮುಚ್ಚಲಿಲ್ಲ. ಎರಡನೆಯದಕ್ಕೆ ಒಳಪದರವಾಗಿ ಕೋಟಿನ ತೆಳು ಲೈನಿಂಗ್ ಬಟ್ಟೆ ಹಾಕಿದೆ, ಕೂತಿತು.

ಮೊದಲ ರೋಲು ಇಲ್ಫರ್ಡ್ ಎಫ್‌ಪಿ4 ಪ್ಲಸ್, ಕಪ್ಪು-ಬಿಳುಪು ಫಿಲಂ. ಬಿಸಿಲಲ್ಲಿ ಲೆನ್ಸಿನ ಕಿಂಡಿ ಎಫ್ 16, ಶಟರ್ 1/100 ಸೆಕೆಂಡು. ಚಿಕ್ಕ ಗಡಿಯಾರದ ಗೋಪುರ ಹಾಗೆ ತೆಗೆದದ್ದು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಬೆಳಕು ಸಾಲದೆ ಮೂಟೆಯ ಮೇಲೆ ಕ್ಯಾಮೆರಾ ಊರಿ 1/25. ಫಿಲಂ ತೊಳೆಯುವ ಡಿ-76 ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ, ಐಸ್ ಹಾಕಿದ ಬಕೆಟ್ಟಿನಲ್ಲಿಟ್ಟು 20 ಡಿಗ್ರಿಗೆ ಇಳಿಸಿ ತೊಳೆದೆ.

ಮೊದಲ ಮೂರು ಮಸುಕು. ಬೆಲೋಸ್ ರಪ್ಪನೆ ಬಿಚ್ಚಿಕೊಂಡಾಗ ಗಾಳಿ ಎಳೆದು ಫಿಲಂ ಮುಂದಕ್ಕೆ ಉಬ್ಬುತ್ತದೆ. ಮೊದಲು ನಿಧಾನಕ್ಕೆ ತೆರೆದು, ಆಮೇಲೆ ರೋಲು ಸುತ್ತಬೇಕು. ನಾಲ್ಕನೆಯದರಿಂದ ಹಾಗೇ ಮಾಡಿದೆ, ಎಲ್ಲವೂ ನಿಚ್ಚಳ. ಆದರೆ ಏಳನೆಯ ನೆಗೆಟಿವ್‌ನ ಮೂಲೆಯಲ್ಲಿ ಕಪ್ಪು ಕಲೆಯಿತ್ತು: ಬೆಲೋಸು ಲೆನ್ಸಿನ ಕಡೆ ಅಂಟುವ ಜಾಗದಲ್ಲಿ ಬೆಳಕು ನುಗ್ಗಿದೆ. ನಿನ್ನೆ ಅಲ್ಲಿಗೆ ಮತ್ತೆ ಅಂಟು ಹಾಕಿದೆ, ಟಾರ್ಚ್ ಪರೀಕ್ಷೆಯಲ್ಲಿ ಒಂದು ಚುಕ್ಕೆಯೂ ಕಾಣಲಿಲ್ಲ.

ಎರಡನೇ ರೋಲು ತುಂಬಿಟ್ಟಿದ್ದೇನೆ. ಭಾನುವಾರ ಬೆಳಗಿನ ರೈಲಿಗೆ ಮಂಡ್ಯ.