ಒಂದು ಪದವೂ ಅರ್ಥವಾಗದ ಹಾಡು ಯಾಕೆ ಕೇಳ್ತೀರಿ?

ನನ್ನ ಕಾರು ಹತ್ತಿದವರೆಲ್ಲ ಕೇಳುವ ಪ್ರಶ್ನೆ ಇದು. ಆಗ ಹಾಡುತ್ತಿರುವವರು ರಿಚರ್ಡ್ ಬೋನಾ. ಪಶ್ಚಿಮ ಆಫ್ರಿಕಾದ ಅಂಚಿನಲ್ಲಿ, ನೈಜೀರಿಯಾದ ಪಕ್ಕದಲ್ಲಿರುವ ಕ್ಯಾಮರೂನ್‌ನವರು. ತಗ್ಗಿನ ಸ್ವರದ ಗಿಟಾರ್, ಅಂದರೆ ಬೇಸ್ ಗಿಟಾರ್ ನುಡಿಸುತ್ತಾರೆ, ತಾವೇ ಹಾಡು ಕಟ್ಟುತ್ತಾರೆ, ಹೆಚ್ಚಾಗಿ ಡುವಾಲಾ ಭಾಷೆಯಲ್ಲಿ ಹಾಡುತ್ತಾರೆ. ಆ ಭಾಷೆ ನನಗೂ ಬರಲ್ಲ.

ನಾನು ಹೇಳೋದು ಇಷ್ಟೇ: ಮೊದಲು ಬೇಸ್ ಕೇಳಿ. ಬೇಸ್ ಇರೋದು ತಾಳಕ್ಕೆ ಆಸರೆಯಾಗಿ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಇವರ ಕೈಯಲ್ಲಿ ಅದೇ ಹಾಡುತ್ತದೆ. ಎಷ್ಟೋ ಸಲ ಬೆರಳು ಓಡಿದ ಹಾಗೇ ಗಂಟಲೂ ಓಡುತ್ತದೆ, ಒಂದೊಂದು ಸ್ವರವನ್ನೂ ಬಿಡದೆ. ಯಾವುದು ತಂತಿ, ಯಾವುದು ದನಿ ಅಂತ ಬಿಡಿಸೋಕೆ ಆಗಲ್ಲ.

ಬೋನಾ ಹುಟ್ಟಿದ್ದು 1967ರಲ್ಲಿ, ಮಿಂಟಾ ಎಂಬ ಊರಲ್ಲಿ. ಮನೆ ತುಂಬ ಹಾಡುವವರು. ಮೊದಲು ಕೈಗೆ ಬಂದಿದ್ದು ಬಾಲಾಫೋನ್, ಮರದ ಪಟ್ಟಿಗಳ ಕೆಳಗೆ ಸೋರೆ ಬುರುಡೆ ಕಟ್ಟಿದ ವಾದ್ಯ. ಗಿಟಾರ್ ಬೇಕು ಅನಿಸಿದಾಗ ಹಳೇ ಬೈಕಿನ ಟ್ಯಾಂಕಿಗೆ ಸೈಕಲ್ ಬ್ರೇಕ್ ವೈರ್ ಬಿಗಿದು ತಾವೇ ಮಾಡಿಕೊಂಡರು. ಆ ವೈರು ಎಳೇ ಬೆರಳಿಗೆ ಎಷ್ಟು ಕೊಯ್ದಿರಬೇಕು!

1980ರಲ್ಲಿ ಕ್ಯಾಮರೂನ್‌ನದೇ ಡುವಾಲಾ ನಗರದ ಒಂದು ಜಾಝ್ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿದ್ದ ರೆಕಾರ್ಡುಗಳ ರಾಶಿಯಿಂದ ಒಂದನ್ನು ಎತ್ತಿ ಹಾಕಿದರು. ಅಮೆರಿಕದ ಜಾಝ್ ವಾದಕ ಜಾಕೋ ಪಾಸ್ಟೋರಿಯಸ್ ನುಡಿಸಿದ ಬೇಸ್. ರೆಕಾರ್ಡು ತಪ್ಪು ವೇಗದಲ್ಲಿ ತಿರುಗ್ತಿದೆಯೇನೋ ಅಂದುಕೊಂಡರಂತೆ. ಅಲ್ಲಿಂದ ಅವರ ವಾದ್ಯ ಬೇಸ್ ಆಯಿತು.

1989ರಲ್ಲಿ ಯುರೋಪಿಗೆ ಹೋದರು, 1995ರಲ್ಲಿ ನ್ಯೂಯಾರ್ಕಿಗೆ. ಜಾಝ್ ಕೀಬೋರ್ಡ್ ವಾದಕ ಜೋ ಝಾವಿನುಲ್, ಗಾಯಕ ಹ್ಯಾರಿ ಬೆಲಫಾಂಟೆ, ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥೆನಿ ಜೊತೆ ನುಡಿಸಿದರು. ಅಂಥವರ ಪಕ್ಕ ನಿಂತ ಮೇಲೆ ಇಂಗ್ಲಿಷಿನಲ್ಲಿ ಹಾಡಿದ್ದರೆ ಜಾಸ್ತಿ ಜನಕ್ಕೆ ತಲುಪುತ್ತಿತ್ತೋ ಏನೋ. ಆದರೂ 1999ರ ಮೊದಲ ಆಲ್ಬಂನಿಂದಲೇ ಅವರು ಊರಿನ ಮಾತನ್ನು ಹಿಡಿದುಕೊಂಡರು. 2016ರ ಕ್ಯೂಬನ್ ತಾಳದ 'ಹೆರಿಟೇಜ್' ಆಲ್ಬಂನಲ್ಲೂ ಡುವಾಲಾ ಭಾಷೆ ಇದೆ. ನನಗೆ ಅವರ ಮೇಲೆ ಇಷ್ಟು ಪ್ರೀತಿ ಬಂದಿದ್ದು ಇದಕ್ಕೇ.

ಇನ್ನೂ ನಂಬಿಕೆ ಬರದಿದ್ದರೆ ಅವರು ಒಬ್ಬರೇ ವೇದಿಕೆ ಮೇಲೆ ನಿಂತ ವಿಡಿಯೋ ನೋಡಿ. ಮೈಕಿಗೆ ಒಂದು ಸಾಲು ಗುನುಗುತ್ತಾರೆ, ದನಿ ಹಿಡಿದಿಡುವ ಪೆಡಲ್ ಒತ್ತುತ್ತಾರೆ, ಆ ಸಾಲು ಮತ್ತೆ ಮತ್ತೆ ಸುತ್ತುತ್ತಲೇ ಇರುತ್ತದೆ. ಅದರ ಮೇಲೆ ಇನ್ನೊಂದು ಸಾಲು, ಮತ್ತೊಂದು. ನೋಡ್ತಾ ನೋಡ್ತಾ ಒಬ್ಬರ ಗಂಟಲಿನಿಂದಲೇ ಒಂದು ಊರು ತುಂಬ ಜನ ಹಾಡುತ್ತಿರುತ್ತಾರೆ. ಹೋದ ವಾರ ನನ್ನ ಪಕ್ಕ ಕೂತಿದ್ದ ಗೆಳೆಯ ಅರ್ಥ ಕೇಳುವುದನ್ನು ಬಿಟ್ಟು, ಇಳಿಯುವಾಗ ಆ ಬೇಸ್ ಸಾಲನ್ನು ಗುನುಗುತ್ತಿದ್ದ.